ಹೂ ಬಿಡದ ಅವರೆ ಬಳ್ಳಿ, ಮತ್ತೆ ನಮ್ಮ ಹಿತ್ತಲಿನ ಕನ್ನಡ

ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಹೊಸ ಮನೆ ತಗೊಂಡಿದ್ದೇವೆ, ಹಿಂದೆ ಸ್ವಲ್ಪ ಜಾಗ ಇದೆ, ಊರಿನ ತರಕಾರಿ ಬರುತ್ತಾ, ಮಕ್ಕಳು ಕೈ ಹಾಕ್ತಾರಾ ಅಂತ. ಉತ್ತರ ಉದ್ದವಾಯಿತು, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ತಿರ. ಫ್ಲಾರಿಡಾ, ಕ್ಯಾಲಿಫೋರ್ನಿಯಾದವರಿಗೆ ಈ ಲೆಕ್ಕ ಹೊಂದುವುದಿಲ್ಲ. ದಯವಿಟ್ಟು ನಿಮ್ಮ ಕರಿಬೇವಿನ ಮರದ ಫೋಟೋ ಹಾಕಿ ಹೊಟ್ಟೆ ಉರಿಸಬೇಡಿ.

ಮೊದಲ ವರ್ಷ ನಾನು ಹಾಕಿದ್ದು ಅವರೆ. ಬೇರೇನು ಹಾಕುತ್ತೇನೆ? ಬಳ್ಳಿ ಬೇಲಿ ಹತ್ತಿತು, ಪಕ್ಕದ ಮನೆಯವರ ಬೇಲಿಯನ್ನೂ ಹತ್ತಿತು. ಜೂನ್ ಆಯಿತು, ಜುಲೈ ಆಯಿತು, ಒಂದು ಹೂವಿಲ್ಲ. ಗೊಬ್ಬರ ಕಮ್ಮಿಯಾಯಿತೇನೋ ಅಂತ ಇನ್ನಷ್ಟು ಸುರಿದೆ. ಎಲೆ ಇನ್ನೂ ಜಾಸ್ತಿ ಬಂತು. ಆಮೇಲೆ ತಿಳಿಯಿತು, ನಾಟಿ ಅವರೆಗೆ ಹಗಲು ಚಿಕ್ಕದಾದರೇನೇ ಹೂ ಬಿಡುವ ಮನಸ್ಸು. ಊರಲ್ಲಿ ಸಂಕ್ರಾಂತಿ ಹೊತ್ತಿಗೆ ಸೊಗಡವರೆ ಬರುವುದು ಅದಕ್ಕೇ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲು ಅಂದರೂ 13 ಗಂಟೆ ಮುಟ್ಟುವುದಿಲ್ಲ. ಇಲ್ಲಿ ಜೂನ್‌ನಲ್ಲಿ 15 ಗಂಟೆ. ನಮ್ಮ ಬಳ್ಳಿ ಸೆಪ್ಟೆಂಬರ್‌ನಲ್ಲಿ ಹೂ ಬಿಟ್ಟಿತು, ಅಕ್ಟೋಬರ್‌ನಲ್ಲಿ ಕಾಯಿ ಕಚ್ಚಿತು, ಕಾಳು ತುಂಬುವ ಮೊದಲೇ ಒಂದು ರಾತ್ರಿ ಹಿಮ (ಇಬ್ಬನಿ ಹೆಪ್ಪುಗಟ್ಟುವ ಫ್ರಾಸ್ಟ್) ಬಿದ್ದು ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತರಹದ ತಳಿಗೆ ಈ ಹಗಲಿನ ಹಂಗಿಲ್ಲ. ಹಾಗಂತ ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರಬೇಡಿ. ಬಿತ್ತನೆ ಬೀಜಕ್ಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ರೋಗ, ಕೀಟ ಇಲ್ಲ ಅನ್ನುವ ಸರ್ಕಾರಿ ಪತ್ರ ಬೇಕು, ವಿಮಾನ ನಿಲ್ದಾಣದಲ್ಲಿ ಹೇಳಲೂಬೇಕು.

ಊರಲ್ಲಿ ಮಳೆ ಯಾವಾಗ ಅಂತ ಕೇಳಿ ಬಿತ್ತುತ್ತೇವೆ. ಇಲ್ಲಿ ಈ ಹಿಮ ಯಾವಾಗ ನಿಲ್ಲುತ್ತದೆ ಅಂತ ಕೇಳಬೇಕು. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆಯಿತು. ಏಪ್ರಿಲ್‌ನಲ್ಲಿ ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ಎರಚಿ, ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಬೆಳೆ ಇಲ್ಲ, ಅವರಿಗೆ ಕಾಯುವ ತಾಳ್ಮೆ ಎಲ್ಲಿದೆ? ಕೊತ್ತಂಬರಿಯೂ ಆಗಲೇ. ಜೂನ್ ಬಿಸಿಲು ತಾಗಿದರೆ ಅದು ಹೂವಿಗೆ ಹೋಗುತ್ತದೆ, ಆಗಸ್ಟ್ ಕೊನೆಗೆ ಮತ್ತೆ ಹಾಕಿ. ಬದನೆ, ಮೆಣಸಿನ ಬೀಜವನ್ನು ಮಾರ್ಚ್‌ನಲ್ಲೇ ಮನೆಯೊಳಗೆ ಹಾಕಬೇಕು. ಹೀರೆ, ಸೋರೆ ಏಪ್ರಿಲ್ ಮಧ್ಯಕ್ಕೆ ಸಾಕು, ಬೀಜವನ್ನು ರಾತ್ರಿ ನೆನೆಸಿಡಿ. ಈ ಸಸಿಗಳಲ್ಲಿ ಯಾವುದನ್ನೂ ಮೇ ಎರಡನೇ ವಾರಕ್ಕೆ ಮೊದಲು ಹೊರಗೆ ನೆಡಬೇಡಿ. ಏಪ್ರಿಲ್‌ನಲ್ಲಿ ಎರಡು ದಿನ ಬಿಸಿಲು ಬಂತು ಅಂತ ನಂಬಿ ನಾನು ಹದಿನೆಂಟು ಬದನೆ ಸಸಿ ಕಳೆದುಕೊಂಡಿದ್ದೇನೆ.

ಹಳೇ ಮನೆಯಾದರೆ ಒಂದು ಮಾತು. 1978ಕ್ಕೆ ಮೊದಲು ಕಟ್ಟಿದ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು, ಅದು ಉದುರಿ ಗೋಡೆ ಪಕ್ಕದ ಮಣ್ಣಿಗೆ ಸೇರಿರುತ್ತದೆ. ಮಕ್ಕಳು ಮಣ್ಣು ಕೈಯಲ್ಲೇ ಟೊಮೇಟೊ ಕಿತ್ತು ಬಾಯಿಗಿಡುತ್ತಾರೆ, ಅಲ್ವಾ? ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಕೊಡುತ್ತಾರೆ, ಮಾಡಿಸಿ.

ಇನ್ನು ಮಕ್ಕಳ ವಿಷಯ. ನಮ್ಮ ಮಗಳಿಗೆ ಒಂಬತ್ತು ವರ್ಷ. ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾಳೆ, ಕಾಗುಣಿತ ಬರೆಯುತ್ತಾಳೆ, ಮಾತು ಮಾತ್ರ ಇಂಗ್ಲಿಷ್. ನಾನು ಬೈದಿದ್ದೇನೆ, ಲಂಚ ಕೊಟ್ಟಿದ್ದೇನೆ, ಏನೂ ಆಗಿಲ್ಲ. ಹೀರೆ ಬಳ್ಳಿಯಿಂದ ಮಾತ್ರ ಆಯಿತು.

ಹೀರೆ ಹೂ ಅರಳುವುದು ಸಂಜೆ. ಆ ಹೊತ್ತಿಗೆ ನಮ್ಮ ಕಡೆ ಜೇನ್ನೊಣ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಬುಡದಲ್ಲಿ ಕಡ್ಡಿಯಷ್ಟು ಪುಟ್ಟ ಹೀರೆಕಾಯಿ ಇರುತ್ತದೆ. ಈ ಕೆಲಸ ಅವಳದ್ದು. ಅದೇ ಹೊತ್ತಿಗೆ ಊರಲ್ಲಿ ಬೆಳಗಾಗಿರುತ್ತದೆ, ಅಜ್ಜಿ ವಿಡಿಯೋ ಕಾಲ್‌ನಲ್ಲಿ ಇರುತ್ತಾರೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹೀರೆ ಬಗ್ಗೆ ಎಲ್ಲಾ ಗೊತ್ತು. ಕಾಯಿ ಯಾವಾಗ ಕೀಳಬೇಕು ಅಂತ ಇವಳಿಗೆ ಬೇಕು. "ಅದಿನ್ನೂ ಹೀಚು ಕಣೇ, ಮುಟ್ಟಬೇಡ" ಅಂತಾರೆ ಅವರು. "ಹೀಚು ಅಂದ್ರೆ?" ಇಂಗ್ಲಿಷಿನಲ್ಲಿ ಹೇಳಲು ನನಗೂ ಒಂದು ಪದ ಸಿಗಲಿಲ್ಲ. ಮೊಗ್ಗು, ಹೂ, ಹೀಚು, ಎಳೆಗಾಯಿ, ಬಲಿತ ಕಾಯಿ. ಟೊಮೇಟೊ ಕೆಂಪಾಗಲು ಶುರುವಾದಾಗ ದೋರೆಗಾಯಿ. ಈ ಪದ ನಾನೇ ಇಪ್ಪತ್ತು ವರ್ಷದಿಂದ ಆಡಿರಲಿಲ್ಲ. ಈಗ ಅವಳು ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ಹಿತ್ತಲಿಗೆ ಹೋಗಿ ಕೂಗುತ್ತಾಳೆ, "ಅಮ್ಮಾ, ಎರಡು ಹೀಚು ಉದುರಿದೆ!" ಉಳಿದ ಮಾತೆಲ್ಲ ಇನ್ನೂ ಇಂಗ್ಲಿಷೇ, ಸುಳ್ಳು ಹೇಳುವುದಿಲ್ಲ.

ಹಣ್ಣಿನಲ್ಲಿ ಮಾವು, ಸೀಬೆ ಆಸೆ ಬಿಡಿ. ಅಂಜೂರ ಹಾಕಿ. ಪಕ್ಕದ ಬೀದಿಯ ಇಟಾಲಿಯನ್ ತಾತ ಒಂದು ಕಡ್ಡಿ ಕೊಟ್ಟಿದ್ದರು. ನವೆಂಬರ್‌ನಲ್ಲಿ ಗೋಣಿತಾಟು ಸುತ್ತಿ, ಮೇಲೆ ಬಕೆಟ್ ಕವುಚಿ ಇಡುವುದನ್ನು ಅವರೇ ಬಂದು ತೋರಿಸಿದರು. ನಮ್ಮ ಗಿಡದ ಮೇಲೆ ಈಗಲೂ ಅವರಿಗೆ ಒಂದು ಕಣ್ಣು.

ಜಿಂಕೆಗೆ ಎಂಟು ಅಡಿ ಬೇಲಿ ಬೇಕು. ಗ್ರೌಂಡ್‌ಹಾಗ್ ಎಂಬ ಹೆಗ್ಗಣದ ದೊಡ್ಡಣ್ಣ ಬೇಲಿಯ ಕೆಳಗಿಂದಲೇ ತೋಡಿಕೊಂಡು ಬರುತ್ತಾನೆ. ಅವನಿಗೆ ನನ್ನ ಹತ್ತಿರ ಉಪಾಯವಿಲ್ಲ. ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಬರೆಯಿರಿ.

ಕರಿಬೇವು ಕುಂಡದಲ್ಲೇ ಇರಲಿ. ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಮೊದಲೇ ಒಳಗೆ ತಂದು ದಕ್ಷಿಣದ ಕಿಟಕಿ ಹತ್ತಿರ ಇಡಿ. ನೀರು ಕಮ್ಮಿ ಮಾಡಿ. ಜನವರಿಯಲ್ಲಿ ಎಲೆ ಉದುರಿದರೆ ಎಸೆಯಬೇಡಿ, ಕಡ್ಡಿ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಏಪ್ರಿಲ್‌ಗೆ ಚಿಗುರುತ್ತದೆ. ಊರಿಂದ ಹಸಿ ಎಲೆ, ಗಿಡ ತರುವ ಹಾಗಿಲ್ಲ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ್ದೇ. ಅದರ ಮೇಲೆ ಕೂತು ಬರುವ ಒಂದು ಸಣ್ಣ ಕೀಟ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ.

ಈ ಸಲ ಹೀರೆ, ಬದನೆ ಸಸಿ ಜಾಸ್ತಿ ಹಾಕಿದ್ದೇನೆ. ಹತ್ತಿರದಲ್ಲಿ ಇರುವವರು ಮೇ ಎರಡನೇ ವಾರ ಡಬ್ಬಿ ತಂದು ತಗೊಂಡು ಹೋಗಿ. ಕರಿಬೇವು ಮಾತ್ರ ಕೇಳಬೇಡಿ.