ಮೆಲ್ಬೋರ್ನ್ ರೇಸ್: ನಾರಿಸ್, ಪಿಯಾಸ್ಟ್ರಿ ಇಬ್ಬರೂ ಜಾರಿದರು, ಪಿಯಾಸ್ಟ್ರಿಗೆ ಮಾತ್ರ 9ನೇ ಸ್ಥಾನ ಯಾಕೆ?

ಸೋಮವಾರಪೇಟೆ ಹುಡುಗ:
2025ರ ಮಾರ್ಚ್ 16, ಭಾನುವಾರ. ಫಾರ್ಮುಲಾ ಒನ್ ಸೀಸನ್ನಿನ ಮೊದಲ ರೇಸ್, ನಮಗೆ ಬೆಳಗ್ಗೆ ಒಂಬತ್ತೂವರೆಗೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮೊಬೈಲ್ ಹಿಡಿದು ತೋಟದ ಮೇಲಿನ ಬಂಡೆ ಹತ್ತಿ ಕೂತಿದ್ದೆ. ಸುತ್ತ ಕಾಫಿ ಹೂವಿನ ಘಮ. ಮೆಲ್ಬೋರ್ನ್‌ನ ಆಲ್ಬರ್ಟ್ ಪಾರ್ಕ್ ಟ್ರ್ಯಾಕ್‌ನಲ್ಲಿ ಮತ್ತೆ ಮಳೆ ಬಂತು, ಮೆಕ್‌ಲಾರೆನ್ ತಂಡದ ನಾರಿಸ್, ಪಿಯಾಸ್ಟ್ರಿ ಇಬ್ಬರ ಕಾರೂ ಒಟ್ಟಿಗೆ ಜಾರಿದವು. ಅಷ್ಟರಲ್ಲೇ ವಿಡಿಯೋ ನಿಂತಿತು! ಆಮೇಲೆ ನೋಡಿದರೆ ನಾರಿಸ್ ಗೆದ್ದಿದ್ದಾರೆ. ಪಿಯಾಸ್ಟ್ರಿಗೆ ಏನಾಯಿತು? ಅವರದೇ ಊರಿನ ರೇಸ್ ಅಲ್ವಾ, ತುಂಬಾ ಬೇಜಾರಾಯಿತು.

ವಿರಾಜಪೇಟೆ ಅಕ್ಕ:
ನಾರಿಸ್ ಹೇಗೋ ಟ್ರ್ಯಾಕ್‌ಗೆ ವಾಪಸ್ ಬಂದು, ತಕ್ಷಣ ಪಿಟ್‌ಗೆ ಹೋಗಿ ಮಳೆ ಟೈರ್ ಹಾಕಿಸಿಕೊಂಡರು ತಮ್ಮ. ಪಿಯಾಸ್ಟ್ರಿ ಕಾರು ಒದ್ದೆ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಚಕ್ರ ಸುಮ್ನೆ ತಿರುಗುತ್ತಿತ್ತು, ಹಿಡಿತವೇ ಇಲ್ಲ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜೀಪು ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಕೊನೆಗೆ ರಿವರ್ಸ್ ಹಾಕಿ ಹೊರಗೆ ಬಂದರು. ಆಮೇಲೆ ಏಳು ಸಲ ಚಾಂಪಿಯನ್ ಆದ ಹ್ಯಾಮಿಲ್ಟನ್‌ರನ್ನೂ ಹಿಂದೆ ಹಾಕಿದರು. ನನಗೆ ಆ 9ನೇ ಸ್ಥಾನವೇ ಜಾಸ್ತಿ ಇಷ್ಟ.

ಮಡಿಕೇರಿ ವೇಗ:
ಮರ್ಸಿಡಿಸ್ ತಂಡದ ಹೊಸ ಹುಡುಗ ಅಂಟೊನೆಲ್ಲಿಯನ್ನು ಮರೆಯಬೇಡಿ. 18 ವರ್ಷ, ಮೊದಲ ರೇಸ್, 16ನೇ ಸ್ಥಾನದಿಂದ ಹೊರಟು 4ನೇ ಸ್ಥಾನ!

ಸೋಮವಾರಪೇಟೆ ಹುಡುಗ:
ಥ್ಯಾಂಕ್ಸ್ ಅಕ್ಕ. ಸಂಜೆ ಮತ್ತೆ ಬಂಡೆ ಹತ್ತಿ ಹೈಲೈಟ್ಸ್ ನೋಡುತ್ತೇನೆ.