ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಟ್ಟುಹೋದ ಪದಕಗಳು: ಸೇನಾ ದಾಖಲೆ ತಿದ್ದಿಸಿದವರ ಅನುಭವಗಳು

ಪ್ರಶ್ನೆ

ನಮ್ಮ ತಂದೆಯವರು 1963ರಲ್ಲಿ ಭೂಸೇನೆಯ ಪದಾತಿ ರೆಜಿಮೆಂಟೊಂದಕ್ಕೆ ಸೇರಿ, 1980ರಲ್ಲಿ ಹವಾಲ್ದಾರರಾಗಿ ಪಿಂಚಣಿಯೊಂದಿಗೆ ನಿವೃತ್ತರಾದರು. 1971ರ ಯುದ್ಧದಲ್ಲಿ ತಮ್ಮ ಪಲ್ಟನ್ ಪಂಜಾಬಿನ ಗಡಿಯಲ್ಲಿತ್ತೆಂದು ಅವರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಆದರೆ ಬಿಡುಗಡೆಯ ವೇಳೆ ಸೇನೆ ಕೊಟ್ಟ ಸೇವಾ ಪುಸ್ತಕವಾದ ಅವರ ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟದಲ್ಲಿ ರಕ್ಷಾ ಮೆಡಲ್ 1965, ಸಂಗ್ರಾಮ್ ಮೆಡಲ್ ಹಾಗೂ ಒಂಬತ್ತು ವರ್ಷಗಳ ದೀರ್ಘ ಸೇವಾ ಪದಕ, ಇಷ್ಟೇ ನಮೂದಾಗಿವೆ. ಪಶ್ಚಿಮಿ ಸ್ಟಾರ್ ಇಲ್ಲ. ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕವೂ ಇಲ್ಲ. ಇದಲ್ಲದೆ ತಾಯಿಯವರ ಹೆಸರು ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದೆ. ತಂದೆಯವರಿಗೆ ಎಂಬತ್ತು ದಾಟಿದೆ, ಆದರೆ ನೆನಪು ಗಟ್ಟಿಯಾಗಿದೆ. ಎಲ್ಲಿಂದ ಆರಂಭಿಸಬೇಕು, ಯಾರಿಗೆ ಬರೆಯಬೇಕು ಎಂಬುದನ್ನು ಈ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ದಾಖಲೆ ಕಚೇರಿಯಲ್ಲಿ ಕ್ಲರ್ಕ್ ಆಗಿದ್ದ ನಿವೃತ್ತ ಸುಬೇದಾರರೊಬ್ಬರ ಉತ್ತರ

ತಂಗಿ, ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅದು ಮೊದಲು ಯಾರ ಮೇಜಿಗೆ ಹೋಗುತ್ತದೋ ಅವರು ತಮಗೆ ಸಂಬಂಧಿಸಿದ ಒಂದು ಸಾಲಿಗೆ ಮಾತ್ರ ಉತ್ತರ ಕೊಟ್ಟು ಕಡತ ಮುಚ್ಚುವ ಸಂಭವವೇ ಹೆಚ್ಚು. ಆದ್ದರಿಂದ ಮೂರು ಪ್ರತ್ಯೇಕ ಅರ್ಜಿಗಳನ್ನು ಬರೆಯಿರಿ.

ಮೊದಲು ಸುಲಭವಾದುದನ್ನು ಹೇಳುತ್ತೇನೆ. 25ನೇ ವಾರ್ಷಿಕೋತ್ಸವದ ಪದಕಕ್ಕೆ ನಿಮ್ಮ ತಂದೆಯವರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯೇ ಏಳುವುದಿಲ್ಲ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಅದು ಸಲ್ಲುತ್ತದೆ. 1963ರಿಂದ 1980ರವರೆಗಿನ ಸೇವೆ ಅದೇ ಡಿಸ್ಚಾರ್ಜ್ ಬುಕ್ಕಿನಲ್ಲಿ ದಾಖಲಾಗಿರುವಾಗ ಬೇರೆ ಸಾಕ್ಷಿ ಬೇಕಿಲ್ಲ. ಇದು ಬರೆಯುವಾಗ ಬಿಟ್ಟುಹೋದ ನಮೂದು ಅಷ್ಟೇ.

ಪಶ್ಚಿಮಿ ಸ್ಟಾರ್ ಹಾಗಲ್ಲ. ಸಂಗ್ರಾಮ್ ಮೆಡಲ್ ಆ ಯುದ್ಧಕಾಲದ ಸೇವೆಗೆಂದು ಬಹಳ ವ್ಯಾಪಕವಾಗಿ ಕೊಟ್ಟ ಪದಕ. ಪಶ್ಚಿಮಿ ಸ್ಟಾರ್ ಪಶ್ಚಿಮದ ಕಾರ್ಯಾಚರಣೆ ವಲಯದಲ್ಲಿದ್ದವರಿಗೆ, ಪೂರ್ವಿ ಸ್ಟಾರ್ ಪೂರ್ವದ ವಲಯದಲ್ಲಿದ್ದವರಿಗೆ. ನಿಮ್ಮ ತಂದೆಯವರ ಪುಸ್ತಕದಲ್ಲಿ ಸಂಗ್ರಾಮ್ ಮೆಡಲ್ ಇದ್ದು ಸ್ಟಾರ್ ಇಲ್ಲವೆಂದರೆ, ಅವರು ಸೇವೆಯಲ್ಲಿದ್ದುದನ್ನು ದಾಖಲೆ ಒಪ್ಪುತ್ತದೆ, ಆ ವಲಯದಲ್ಲಿದ್ದುದನ್ನು ಮಾತ್ರ ಹೇಳುತ್ತಿಲ್ಲ ಎಂದಾಯಿತು. ಹಾಗಾಗಿ ನೀವು ಸಾಬೀತು ಮಾಡಬೇಕಾದುದು ಒಂದೇ: 1971ರ ಡಿಸೆಂಬರ್‌ನಲ್ಲಿ ಅವರು ಯಾವ ಸ್ಥಳದಲ್ಲಿದ್ದರು? ಪಲ್ಟನ್ ಗಡಿಯಲ್ಲಿದ್ದ ಮಾತ್ರಕ್ಕೆ ಅದರ ಪ್ರತಿಯೊಬ್ಬ ಜವಾನನೂ ಅಲ್ಲಿದ್ದನೆಂದು ದಾಖಲೆ ಕಚೇರಿ ಒಪ್ಪುವುದಿಲ್ಲ. ರಜೆಯಲ್ಲಿದ್ದವರು, ಕೋರ್ಸಿಗೆ ಹೋದವರು, ರೆಜಿಮೆಂಟಲ್ ಸೆಂಟರಿನಲ್ಲಿ ರಂಗರೂಟರಿಗೆ ತರಬೇತಿ ಕೊಡುತ್ತಿದ್ದವರು ಪ್ರತಿ ಪಲ್ಟನ್ನಿನಲ್ಲೂ ಇರುತ್ತಿದ್ದರು.

ಇದಕ್ಕೆ ಉತ್ತರವಿರುವುದು ಶೀಟ್ ರೋಲಿನಲ್ಲಿ, ಅಂದರೆ ದಾಖಲೆ ಕಚೇರಿಯಲ್ಲಿರುವ ಸೈನಿಕನ ಮೂಲ ಸೇವಾ ದಾಖಲೆಯಲ್ಲಿ. ಸೇರಿದ ದಿನದಿಂದ ಬಿಡುಗಡೆಯ ದಿನದವರೆಗಿನ ಬಡ್ತಿ, ವರ್ಗಾವಣೆ, ಪದಕ, ಶಿಕ್ಷೆ, ಮದುವೆ, ಮಕ್ಕಳು, ಎಲ್ಲವೂ ಪಾರ್ಟ್ ಟು ಆರ್ಡರ್ ಎಂಬ ಲಿಖಿತ ಆದೇಶಗಳಾಗಿ ಪ್ರಕಟವಾಗಿ, ಅಲ್ಲಿಂದ ಶೀಟ್ ರೋಲಿಗೆ ಏರುತ್ತವೆ. ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ ಬಿಡುಗಡೆಯ ಹೊತ್ತಿನಲ್ಲಿ ಆ ದಾಖಲೆಗಳನ್ನು ನೋಡಿ ಬರೆದದ್ದು. ಅದರಲ್ಲಿ ಇಲ್ಲದ ಪದಕ ಶೀಟ್ ರೋಲಿನಲ್ಲಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಗಿದ್ದರೆ ತಿದ್ದುಪಡಿ ಬಹಳ ಸರಳ. ಆದ್ದರಿಂದ ಪದಕ ಕೊಡಿ ಎಂದು ಮೊದಲೇ ಕೇಳಬೇಡಿ. ಶೀಟ್ ರೋಲಿನ ಪ್ರತಿ ಕೇಳಿ, ಅದು ಕೈಗೆ ಬಂದ ಮೇಲೆ ಯಾವ ಸಾಲು ತಪ್ಪಿದೆಯೆಂದು ಬೆರಳಿಟ್ಟು ತೋರಿಸಿ. ದಾಖಲೆ ಕಚೇರಿ ನೆಚ್ಚಿಕೊಳ್ಳುವುದು ಅಂದು ಬರೆದ ಕಾಗದವನ್ನು. ಇಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟಿಗೆ ಅಲ್ಲಿ ಅಷ್ಟು ಬೆಲೆಯಿಲ್ಲ.

ಬರೆಯಬೇಕಾದುದು ದೆಹಲಿಗಲ್ಲ, ಅವರ ರೆಜಿಮೆಂಟಿನ ಅಥವಾ ಕೋರಿನ ದಾಖಲೆ ಕಚೇರಿಗೆ. ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರು, ತೋಪುಖಾನೆಯವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ನವರಿಗೆ ಜಬಲ್‌ಪುರ, ಇಎಂಇಯವರಿಗೆ (ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ಕೋರ್) ಸಿಕಂದರಾಬಾದ್. ನಿವೃತ್ತಿಯ ನಂತರ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯೂರಿಟಿ ಕೋರ್) ಸೇರಿ ಎರಡನೆಯ ಸೇವೆ ಮಾಡಿದವರಾದರೆ ಕಣ್ಣೂರನ್ನೂ ವಿಚಾರಿಸಬೇಕು. ಪತ್ರದ ತಲೆಯಲ್ಲೇ ಆರ್ಮಿ ನಂಬರ್, ದರ್ಜೆ ಮತ್ತು ಹೆಸರು ಇರಲಿ. ಹೆಸರಿನ ಕಾಗುಣಿತ ತಪ್ಪಿದ್ದರೂ ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವಂತೆಯೇ ಬರೆಯಿರಿ, ಏಕೆಂದರೆ ನೀವು ಸರಿಪಡಿಸಿ ಬರೆದ ಹೆಸರಿನವರು ಅವರ ರಿಜಿಸ್ಟರಿನಲ್ಲಿ ಇಲ್ಲವೇ ಇಲ್ಲ. ತಂದೆಯವರೇ ಸಹಿ ಹಾಕಲಿ.

ಪಶ್ಚಿಮಿ ಸ್ಟಾರ್ ಕೊಡಿಸಿಕೊಂಡ ಮಗನೊಬ್ಬರ ಉತ್ತರ

ಸುಬೇದಾರ್ ಸಾಹೇಬರ ಮಾತು ನೂರಕ್ಕೆ ನೂರು ನಿಜ. ನಮ್ಮ ತಂದೆಯವರ ವಿಷಯದಲ್ಲಿ ಸಾಮಾನ್ಯ ಪತ್ರಗಳಿಗೆ ಉತ್ತರವೇ ಬರದಿದ್ದಾಗ ನಾವು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ. ಉತ್ತರಕ್ಕೆ ಕಾಯಿದೆ ಕೊಟ್ಟಿರುವ ಅವಧಿ 30 ದಿನ. ಅರ್ಜಿಯನ್ನು ಮಗಳ ಹೆಸರಿನಲ್ಲಿ ಹಾಕಬೇಡಿ. ಮೂರನೆಯವರ ವೈಯಕ್ತಿಕ ಮಾಹಿತಿಯೆಂದು 8(1)(ಜೆ) ಕಲಮನ್ನು ತೋರಿಸಿ ತಿರಸ್ಕರಿಸಲು ಅವಕಾಶವಾಗುತ್ತದೆ. ಸ್ವತಃ ಸೈನಿಕರೇ ತಮ್ಮ ದಾಖಲೆಯನ್ನು ಕೇಳಿದಾಗ ಆ ಮಾತಿಗೆ ಜಾಗವಿರುವುದಿಲ್ಲ.

ಶೀಟ್ ರೋಲಿನಲ್ಲಿ ನಮಗೆ ಪದಕದ ನಮೂದು ಸಿಗಲಿಲ್ಲ, ಆದರೆ ಪೋಸ್ಟಿಂಗ್ ವಿವರ ಸಿಕ್ಕಿತು. ಅವರು ಆ ತಿಂಗಳು ಪಲ್ಟನ್ನಿನ ಜೊತೆಗೇ ಇದ್ದರು ಎಂಬುದಕ್ಕೆ ಪೂರಕವಾಗಿ ನಾವು ಕೊಟ್ಟದ್ದು, ಅಜ್ಜಿ ತಗಡಿನ ಟ್ರಂಕಿನಲ್ಲಿ ಕಾಪಾಡಿಕೊಂಡು ಬಂದಿದ್ದ ಇನ್‌ಲ್ಯಾಂಡ್ ಲೆಟರ್‌ಗಳನ್ನು. ಅವುಗಳ ಹಿಂಬದಿಯಲ್ಲಿ ಕಳುಹಿಸಿದವರ ವಿಳಾಸದ ಜಾಗದಲ್ಲಿ ಊರಿನ ಹೆಸರೇ ಇರುವುದಿಲ್ಲ. ನಂಬರ್, ದರ್ಜೆ, ಹೆಸರು, ಕಂಪನಿ, ಪಲ್ಟನ್, ಆಮೇಲೆ ‘ಕೇರ್ ಆಫ್ 56 ಎಪಿಓ’ ಎಂದಷ್ಟೇ ಇರುತ್ತದೆ. ಎಪಿಓ ಎಂದರೆ ಸೇನಾ ಅಂಚೆ ಕಚೇರಿ. 56 ಎಪಿಓ ಉತ್ತರ ಮತ್ತು ಪಶ್ಚಿಮದ ಕಡೆಯದು, 99 ಎಪಿಓ ಪೂರ್ವದ ಕಡೆಯದು. ಇದರಿಂದ ನಿರ್ದಿಷ್ಟ ಜಾಗ ತಿಳಿಯುವುದಿಲ್ಲವಾದರೂ, ಅಂಚೆ ಮುದ್ರೆಯ ತಾರೀಖು ಮತ್ತು ಕಂಪನಿಯ ಹೆಸರು ಸೇರಿದಾಗ ಆ ಮನುಷ್ಯ ಆ ದಿನಗಳಲ್ಲಿ ರಜೆಯಲ್ಲೂ ಸೆಂಟರಿನಲ್ಲೂ ಇರಲಿಲ್ಲ ಎಂಬುದಕ್ಕೆ ಬಲ ಬರುತ್ತದೆ. ನಿಮ್ಮ ಮನೆಯಲ್ಲೂ ಹಳೆಯ ಪತ್ರಗಳಿದ್ದರೆ ಹುಡುಕಿ. ಮೂಲವನ್ನು ಕೊಡಬೇಡಿ, ದೃಢೀಕರಿಸಿದ ಪ್ರತಿ ಸಾಕು. ಡಿಸ್ಚಾರ್ಜ್ ಬುಕ್ಕಿಗೂ ಇದೇ ಮಾತು. ‘ನಾನು ಮಾಡಿಸಿಕೊಡುತ್ತೇನೆ, ಪುಸ್ತಕ ಕೊಟ್ಟಿರಿ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಪತ್ರಗಳನ್ನು ಹುಡುಕುವಾಗ ತಂದೆಯವರ ಪೆಟ್ಟಿಗೆಯಲ್ಲಿ ಪಶ್ಚಿಮಿ ಸ್ಟಾರ್ ಪದಕವೇ ಸಿಕ್ಕಿತು. ಹಾಗಾದರೆ ಅದು ಅವರಿಗೆ ಸಿಕ್ಕಿತ್ತೆಂದೇ ಅರ್ಥವಲ್ಲವೇ?

ಸುಬೇದಾರರ ಉತ್ತರ

ಅವಸರ ಬೇಡ ತಂಗಿ. ಪದಕದ ಅಂಚು, ಹಿಂಬದಿ ಎರಡನ್ನೂ ಭೂತಗನ್ನಡಿಯಲ್ಲಿ ನೋಡಿ. ಸರ್ಕಾರ ಕೊಟ್ಟ ಪದಕದ ಮೇಲೆ ನಂಬರ್, ದರ್ಜೆ, ಹೆಸರು ಸಣ್ಣಕ್ಷರದಲ್ಲಿ ಕೆತ್ತಿರುತ್ತಾರೆ. ಅದು ಇದ್ದರೆ ಸ್ಪಷ್ಟವಾದ ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೆತ್ತನೆ ಇಲ್ಲದೆ ಬೋಳಾಗಿದ್ದರೆ ಅದು ಕಂಟೋನ್ಮೆಂಟ್ ಅಂಗಡಿಯಲ್ಲಿ ಕೊಂಡದ್ದಿರಬಹುದು. ಇದರಲ್ಲಿ ಅವಮಾನವೇನೂ ಇಲ್ಲ: ನಿಜವಾದ ಪದಕಗಳ ಪೂರೈಕೆ ವರ್ಷಗಟ್ಟಲೆ ಬಾಕಿ ಉಳಿಯುತ್ತಿದ್ದುದರಿಂದ, ಅರ್ಹರೂ ಪರೇಡಿಗೆಂದು ಅಂಗಡಿಯ ಪದಕವನ್ನೇ ಧರಿಸುತ್ತಿದ್ದರು. ಆದರೆ ಅದನ್ನು ಸಾಕ್ಷಿಯೆಂದು ಕಳಿಸಬೇಡಿ.

ತಾಯಿಯ ಪಿಪಿಓ ತಿದ್ದಿಸಿದ ಮಹಿಳೆಯೊಬ್ಬರ ಉತ್ತರ

ಅಕ್ಕಾ, ಪದಕ ತಡವಾದರೆ ಮನಸ್ಸಿಗೆ ನೋವು. ತಾಯಿಯ ಹೆಸರು ಸರಿಯಿಲ್ಲದಿದ್ದರೆ ಮುಂದೆ ಕುಟುಂಬ ಪಿಂಚಣಿಯೇ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಮೂರು ಅರ್ಜಿಗಳಲ್ಲಿ ಇದೇ ಮೊದಲು ಹೋಗಬೇಕು. ತಂದೆಯವರು ಇರುವಾಗ, ಅವರ ಸಹಿಯೊಂದಿಗೆ ಮಾಡಿಸುವ ತಿದ್ದುಪಡಿಗೂ, ಅವರ ನಂತರ ವಿಧವೆಯಾದ ತಾಯಿ ತಾನೇ ಅವರ ಹೆಂಡತಿಯೆಂದು ರುಜುವಾತು ಮಾಡಬೇಕಾದ ಪರಿಸ್ಥಿತಿಗೂ ಅಜಗಜಾಂತರ.

ನಮ್ಮ ಕಡೆಯ ಹೆಸರುಗಳು ಸೇನೆಯ ಕಡತದಲ್ಲಿ ಕೆಡಲು ಕಾರಣಗಳಿವೆ. ನಮ್ಮಲ್ಲಿ ಮೊದಲಕ್ಷರಗಳು ಊರನ್ನೋ ತಂದೆಯನ್ನೋ ಸೂಚಿಸುತ್ತವೆ. ಅರ್ಜಿಯಲ್ಲಿ ಕೊನೆಯ ಹೆಸರು ಬೇಕೆಂದಾಗ ಊರಿನ ಹೆಸರೇ ಮನೆತನದ ಹೆಸರಾಗಿ ಕೂರುತ್ತದೆ. ಹೆಂಗಸರಿಗೆ ಇನ್ನೂ ಕಷ್ಟ: ತವರಿನಲ್ಲಿ ಕರೆಯುತ್ತಿದ್ದ ಹೆಸರು, ಮದುವೆಯಲ್ಲಿ ಇಟ್ಟ ಹೆಸರು, ಪಡಿತರ ಚೀಟಿಯ ಹೆಸರು ಎಂದು ಮೂರಾಗುತ್ತವೆ. ನಮ್ಮ ತಂದೆಯವರು ಮದುವೆಯಾದ ವರ್ಷ ಪಲ್ಟನ್ನಿನ ಕ್ಲರ್ಕ್ ಕೇಳಿದಾಗ ಹೇಳಿದ್ದು ಮನೆಯಲ್ಲಿ ಕರೆಯುವ ಹೆಸರನ್ನು. ಅದೇ ಪಾರ್ಟ್ ಟು ಆರ್ಡರ್ ಆಗಿ, ಅದೇ ಪಿಪಿಓಗೆ ಬಂತು.

ಆಧಾರ್ ತಿದ್ದಿಸಿ ಪಿಪಿಓಗೆ ಹೊಂದಿಸಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಬೇಡ, ಹಾಗೆ ಮಾಡಿದರೆ ಬ್ಯಾಂಕು, ಜಮೀನಿನ ಪಹಣಿ ಎಲ್ಲವೂ ಕೆಡುತ್ತವೆ. ದಾಖಲೆ ಕಚೇರಿಯಲ್ಲಿ ಮೊದಲು ಹೆಸರು ಸರಿಯಾಗಬೇಕು, ಅಲ್ಲಿಂದ ಅದು ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಗೆ ಹೋಗಿ ತಿದ್ದುಪಡಿ ಪಿಪಿಓ ಹೊರಡಬೇಕು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್, ಆಧಾರ್, ಇಬ್ಬರೂ ಇರುವ ಜಂಟಿ ಫೋಟೊ, ಬ್ಯಾಂಕಿನ ಜಂಟಿ ಖಾತೆಯ ವಿವರ ಇಟ್ಟುಕೊಳ್ಳಿ. ಪಿಂಚಣಿ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ ವರ್ಗವಾಗಿದ್ದರೆ ಅಲ್ಲಿನ ಪ್ರೊಫೈಲಿನಲ್ಲಿ ತಾಯಿಯವರ ಹೆಸರು, ಜನ್ಮದಿನಾಂಕ ಹೇಗಿದೆಯೆಂದು ಈಗಲೇ ನೋಡಿ. ಕಾಗದ ಜೋಡಿಸಲು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯವರು ಉಚಿತವಾಗಿ ನೆರವಾಗುತ್ತಾರೆ. ಅವರ ಮುಖಪತ್ರದೊಂದಿಗೆ ಹೋದ ಅರ್ಜಿಗೆ ಉತ್ತರ ಬರುವ ರೀತಿಯೇ ಬೇರೆ.

ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಮೊಮ್ಮಗನ ಉತ್ತರ

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಪ್ರಶ್ನೆ ಕೇಳಿದವರ ತಂದೆಯವರು ಪಿಂಚಣಿದಾರರಾದ್ದರಿಂದ ಅವರ ಕಡತ ಇರುತ್ತದೆ. ನಮ್ಮ ತಾತ ಕೆಲವೇ ವರ್ಷ ಸೇವೆ ಮಾಡಿ ಪಿಂಚಣಿಯಿಲ್ಲದೆ ಹಿಂತಿರುಗಿದವರು. ಅಂಥವರ ಸೇವಾ ದಾಖಲೆಗಳನ್ನು 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ, ನಮಗೂ ಅದೇ ಉತ್ತರ ಬಂತು. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರನ್ನು ಉಳಿಸಿಕೊಂಡಿರುತ್ತಾರೆ. ನಂಬರ್, ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕದಂಥ ಮೂಲ ವಿವರ ಅದರಲ್ಲಿ ಸಿಗುತ್ತದೆ. ದಾಖಲೆ ನಾಶವಾಗಿದೆ ಎಂಬ ಉತ್ತರ ಬಂದರೆ ಲಾಂಗ್ ರೋಲಿನ ಸಾರಾಂಶವನ್ನು ಪ್ರತ್ಯೇಕವಾಗಿ ಕೇಳಿ. ತಾತನಿಗೆ ರಕ್ಷಾ ಮೆಡಲ್‌ಗೆ ಅರ್ಹತೆಯಿದೆಯೆಂದು ತೋರಿಸಲು ನಮ್ಮ ಕೈಯಲ್ಲಿದ್ದುದು ಅದೊಂದೇ: 1965ರ ಆಗಸ್ಟ್ 5ರಂದು ಅವರು ಸೇನೆಯ ಸೇವೆಯಲ್ಲಿದ್ದರು ಎಂದು ಅದರ ತಾರೀಖುಗಳೇ ಹೇಳುತ್ತಿದ್ದವು.

ವಾಯುಪಡೆಯ ನಿವೃತ್ತರೊಬ್ಬರ ಉತ್ತರ

ವಾಯುಪಡೆಯವರು ದೆಹಲಿಯ ಸುಬ್ರೊತೊ ಪಾರ್ಕಿನಲ್ಲಿರುವ ವಾಯುಪಡೆಯ ದಾಖಲೆ ಕಚೇರಿಗೆ, ನೌಕಾಪಡೆಯ ನಾವಿಕರು ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ಗೆ ಬರೆಯಬೇಕು. ಪಾರ್ಟ್ ಟು ಆರ್ಡರ್ ಎಂಬ ಮಾತು ಭೂಸೇನೆಯದು. ನಮ್ಮಲ್ಲಿ ಅದೇ ಕೆಲಸಕ್ಕೆ ಪಿಓಆರ್ (ಪರ್ಸನಲ್ ಆಕರೆನ್ಸ್ ರಿಪೋರ್ಟ್) ಎನ್ನುತ್ತಾರೆ. ಉಳಿದ ಕ್ರಮ ಹೆಚ್ಚು ಕಡಿಮೆ ಒಂದೇ.

ಸೈನಿಕರ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರ ಉತ್ತರ

ಮೇಡಂ, ಇಲ್ಲಿ ಎಲ್ಲರೂ ಅರ್ಹತೆಯಿಂದ ಬರುವ ಪದಕಗಳ ಬಗ್ಗೆ ಮಾತನಾಡಿದ್ದಾರೆ. ಶೌರ್ಯ ಪ್ರಶಸ್ತಿಯ ವಿಷಯ ಸಂಪೂರ್ಣ ಬೇರೆ. ಸೇನಾ ಮೆಡಲ್, ವೀರ ಚಕ್ರ ಮುಂತಾದವು ಕಮಾಂಡಿಂಗ್ ಅಧಿಕಾರಿಯ ಶಿಫಾರಸಿನಿಂದ ಹೊರಟು ಭಾರತದ ರಾಜಪತ್ರದಲ್ಲಿ ಪ್ರಕಟವಾಗುತ್ತವೆ. ರಾಜಪತ್ರದಲ್ಲಿದ್ದು ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದಿದ್ದರೆ ಅದು ತಿದ್ದುಪಡಿಯ ಪ್ರಶ್ನೆ, ಮಾಡಿಸಬಹುದು. ಶಿಫಾರಸೇ ಆಗಿರಲಿಲ್ಲ, ಆದರೂ ಆಗಬೇಕಿತ್ತು ಎಂದು ದಶಕಗಳ ನಂತರ ಬಂದವರಿಗೆ ನಾನು ಆಸೆ ಹುಟ್ಟಿಸುವುದಿಲ್ಲ. ದಾಖಲೆಯೇ ತಪ್ಪೆಂದು ವಾದಿಸಿ ಗೆದ್ದವರು ಇಲ್ಲವೆಂದಲ್ಲ. ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ವಲಯದ ಬ್ರಿಗೇಡನ್ನು ಮುನ್ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಪ್ರಕರಣದಲ್ಲಿ, ಆ ಕದನದ ಅಧಿಕೃತ ದಾಖಲೆಯನ್ನು ಸರಿಪಡಿಸುವಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2010ರಲ್ಲಿ ಆದೇಶಿಸಿತು. ಆದರೆ ಅವರ ಬೆನ್ನಿಗೆ ಯುದ್ಧಕಾಲದಲ್ಲೇ ಬರೆದ ಕಾಗದಗಳಿದ್ದವು.

ನಿಮ್ಮ ತಂದೆಯವರ ಕೆಲಸ ಅರ್ಜಿಯಲ್ಲೇ ಮುಗಿಯಬೇಕು. ಮುಗಿಯದಿದ್ದರೆ ಮಾತ್ರ ನ್ಯಾಯಮಂಡಳಿ. ಕರ್ನಾಟಕಕ್ಕೆ ಕೊಚ್ಚಿ ಪೀಠ. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯಿದೆಯಂತೆ ಇಲಾಖೆಯ ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಲ್ಲಿಂದ ಇನ್ನಾರು ತಿಂಗಳು ಸಿಗುತ್ತದೆ. ವಿಳಂಬವನ್ನು ಮನ್ನಿಸುವ ಅಧಿಕಾರ ಪೀಠಕ್ಕಿದೆ, ಆದರೆ ಕಾರಣ ಹೇಳಬೇಕು. ಆದ್ದರಿಂದ ಪ್ರತಿ ಅರ್ಜಿಯನ್ನೂ ಸ್ವೀಕೃತಿ ಸಿಗುವ ಅಂಚೆಯಲ್ಲೇ ಕಳುಹಿಸಿ, ರಸೀದಿಯನ್ನು ಅದೇ ಅರ್ಜಿಯ ಪ್ರತಿಗೆ ಪಿನ್ ಮಾಡಿಡಿ. ಉತ್ತರ ಬಂದ ಲಕೋಟೆಯನ್ನೂ ಎಸೆಯಬೇಡಿ. ಪತ್ರದ ಮೇಲಿನ ತಾರೀಖಿಗೂ ಅದು ನಿಮ್ಮ ಕೈ ಸೇರಿದ ತಾರೀಖಿಗೂ ಎಷ್ಟು ಅಂತರವಿತ್ತೆಂಬುದು ಲಕೋಟೆಯ ಮೇಲಿನ ಅಂಚೆ ಮುದ್ರೆಯಿಂದ ಮಾತ್ರ ಗೊತ್ತಾಗುತ್ತದೆ.