ಹೊಗೆಸೊಪ್ಪು ಮುಟ್ಟದವರಿಗೂ ಬಾಯಿ ಕ್ಯಾನ್ಸರ್ ಬರುತ್ತಾ?

ಸಾಗರದ ಮಗಳು:
ಅಪ್ಪಯ್ಯನಿಗೆ 58. ದಿನಕ್ಕೆ ಹತ್ತು-ಹನ್ನೆರಡು ಕವಳ ಬೇಕೇ ಬೇಕು. ಎಲೆ, ಅಡಿಕೆ, ಸುಣ್ಣ ಅಷ್ಟೇ. ಆರು ತಿಂಗಳಿಂದ ಅಪ್ಪೆಹುಳಿ ಬಾಯಿಗಿಟ್ಟರೆ ಉರಿ ಉರಿ ಅಂತಾರೆ. ದೋಸೆಯನ್ನು ಚೂರು ಚೂರು ಮಾಡಿ ತಿನ್ನುತ್ತಾರೆ. ಡಾಕ್ಟರಿಗೆ ತೋರಿಸೋಣ ಅಂದರೆ 'ಕ್ಯಾನ್ಸರ್ ಬರೋದು ಹೊಗೆಸೊಪ್ಪಿನವರಿಗೆ' ಅಂತ ಎದ್ದು ಹೋಗುತ್ತಾರೆ. ನಿಜವಾ? ಅಡಿಕೆ ಒಳಗೆ ಮಾಡುವುದಾದರೂ ಏನು?

ತೋಟದವ:
ನಮ್ಮಜ್ಜ 91ರ ತನಕ ಕವಳ ಹಾಕಿದರು, ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ ಮಾರಾಯ್ರೆ. ಅಡಿಕೆ ರೇಟು ಬೀಳೋದು ಇಂಥ ಮಾತಿಂದಲೇ.

ಸ್ಲೈಡ್ ನೋಡುವವ:
ಡೆಂಟಲ್ ಕಾಲೇಜಿನಲ್ಲಿ 22 ವರ್ಷ ಬಯಾಪ್ಸಿ ಸ್ಲೈಡ್ ನೋಡಿದವ ನಾನು. ನನ್ನನ್ನು ಓದಿಸಿದ್ದೂ ಅಡಿಕೆ ದುಡ್ಡೇ, ಹಾಗಾಗಿ ಅದರ ಮೇಲೆ ದ್ವೇಷವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಒಂದನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ, ಸೇರಿಸಿದೆ. ಹೊಗೆಸೊಪ್ಪು ಇರುವುದೂ ಅದರಲ್ಲೇ.

ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ರಾಸಾಯನಿಕ ಇದೆ. ಅದು ಜೊಲ್ಲಿನ ಜೊತೆ ಸೇರಿ ನೈಟ್ರೋಸಮೈನ್ ಅನ್ನುವ ಕ್ಯಾನ್ಸರ್ ತರುವ ವಸ್ತು ಆಗುತ್ತದೆ. ಆಮೇಲೆ ಕೆನ್ನೆಯ ಒಳಪದರದ ಜೀವಕೋಶಕ್ಕಿಳಿದು ಡಿಎನ್‌ಎಗೆ ಅಂಟುತ್ತದೆ. ಮಂಡಿಯ ಲೆಕ್ಕದ ಪುಸ್ತಕಕ್ಕೆ ಸುಣ್ಣದ ಬೆರಳು ಒರೆಸಿದ ಹಾಗೆ. ಗುಮಾಸ್ತ ನಕಲು ಮಾಡುವಾಗ 1 ಇದ್ದದ್ದು 7 ಆಗುತ್ತದೆ. ಹೆಚ್ಚಿನ ತಪ್ಪನ್ನು ಕೋಶವೇ ತಿದ್ದಿಕೊಳ್ಳುತ್ತದೆ. ಪಿ53 ಅನ್ನುವ ಜೀನಿನಲ್ಲೇ ತಪ್ಪು ಬಿದ್ದರೆ ಮಾತ್ರ ಕಷ್ಟ. ಕೆಟ್ಟ ಕೋಶ ಬೆಳೆಯದಂತೆ ಬ್ರೇಕ್ ಹಾಕುವುದು ಅದೇ ಅಲ್ವಾ! ಒಂದು ತಪ್ಪಿಗೆ ಕ್ಯಾನ್ಸರ್ ಬರುವುದಿಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಸೇರಬೇಕು. ತೋಟದವರ ಅಜ್ಜನಿಗೆ ಅಷ್ಟು ಸೇರಲಿಲ್ಲ. ಪಕ್ಕದ ಮನೆಯವರಿಗೆ ಸೇರಬಹುದು.

ನಿಮ್ಮ ಅಪ್ಪಯ್ಯನ ಉರಿ ಕೇಳಿದರೆ ನನಗೆ ಬೇರೆ ಅನುಮಾನ. ಅಡಿಕೆ ಜಗಿದು ಜಗಿದು ಕೆನ್ನೆಯೊಳಗೆ ನಾರು ಜಾಸ್ತಿ ಬೆಳೆಯುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರನ್ನು ಇನ್ನೂ ಬಿಗಿ ಮಾಡುತ್ತದೆ. ಬೆರಳಾಡಿಸಿದರೆ ಹುರಿಹಗ್ಗದ ಹಾಗೆ ಸಿಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಕೆಲವರಿಗೆ ಮುಂದೆ ಆಗುತ್ತದೆ. ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಇಡಲು ಹೇಳಿ. ಹೋಗದಿದ್ದರೆ ತಡ ಮಾಡಬೇಡಿ. ಕವಳ ಇವತ್ತೇ ನಿಲ್ಲಲಿ.

ಸಾಗರದ ಮಗಳು:
ಎರಡು ಬೆರಳೇ ಕಷ್ಟದಲ್ಲಿ ಹೋಯಿತು ಸರ್. ಕೆನ್ನೆಯ ಒಳಗೆ ಬಿಳಿಚಿಕೊಂಡಿದೆ. ಸೋಮವಾರ ಶಿವಮೊಗ್ಗಕ್ಕೆ ಹೊರಟಿದ್ದೇವೆ. ಬೆಳಗ್ಗೆಯಿಂದ ಕವಳದ ಸಂಚಿ ಹುಡುಕುತ್ತಿದ್ದಾರೆ. ನನ್ನ ಬ್ಯಾಗಿನಲ್ಲಿದೆ, ಹೇಳಿಲ್ಲ.